ಕಾಲು ಕಾಸಿನ ಸ್ನಾನ

ರೋಮನ್ ಸಾಮ್ರಾಜ್ಯದ ನಾಣ್ಯಗಳಲ್ಲೆಲ್ಲ ಕನಿಷ್ಠ ಬೆಲೆಯದು ಕ್ವಾಡ್ರನ್ಸ್. ಉಗುರಗಲದ ತಾಮ್ರದ ಬಿಲ್ಲೆ. ಇಂಥ ನಾಲ್ಕು ಸೇರಿದರೆ ಒಂದು ಆಸ್, ನಾಲ್ಕು ಆಸ್ ಸೇರಿದರೆ ಒಂದು ಸೆಸ್ಟರ್ಸ್, ನಾಲ್ಕು ಸೆಸ್ಟರ್ಸಿಗೆ ಬೆಳ್ಳಿಯ ಒಂದು ಡಿನೇರಿಯಸ್. ಗುಣಿಸಿ ನೋಡಿದರೆ ಒಂದು ಡಿನೇರಿಯಸ್ ಅಂದರೆ 64 ಕ್ವಾಡ್ರನ್ಸ್. ಅಗಸ್ಟಸ್ ಚಕ್ರವರ್ತಿಯ ಕಾಲದಲ್ಲಿ ಸಾಮಾನ್ಯ ಸಿಪಾಯಿಯ ವರ್ಷದ ಸಂಬಳ 225 ಡಿನೇರಿಯಸ್, ಎಂದರೆ 14,400 ಕ್ವಾಡ್ರನ್ಸ್. ದಿನದ ಲೆಕ್ಕಕ್ಕೆ ಇಳಿಸಿದರೆ 39. ರೋಮ್ ನಗರದ ಸ್ನಾನಗೃಹದ ಬಾಗಿಲಲ್ಲಿ ಗಂಡಸೊಬ್ಬ ಕೊಡಬೇಕಾಗಿದ್ದದ್ದು ಇದರಲ್ಲಿ ಒಂದೇ ಒಂದು. ಸಿಪಾಯಿ ಮನಸ್ಸು ಮಾಡಿದರೆ, ಚರ್ಮ ತಡೆದುಕೊಂಡರೆ, ಒಂದು ದಿನದ ಸಂಬಳದಲ್ಲಿ 39 ಸಲ ಮೀಯಬಹುದಿತ್ತು.

ಸ್ನಾನ ಅಗ್ಗವಾಗಿತ್ತು ಅನ್ನುವುದರಲ್ಲಿ ಅಂಥ ಬೆರಗೇನಿಲ್ಲ. ಬೆರಗೆಲ್ಲ ಇರುವುದು ಆ ಬಿಲ್ಲೆಯನ್ನು ಎಸೆದು ಒಳಗೆ ಕಾಲಿಟ್ಟವನ ತಲೆಯ ಮೇಲಿದ್ದ ಸೂರಿನಲ್ಲಿ, ಕಾಲ ಕೆಳಗಿದ್ದ ಬೆಂಕಿಯಲ್ಲಿ, ಅವನಿಗಾಗಿ ಬೆಟ್ಟದಿಂದ ಇಳಿದು ಬಂದ ನೀರಿನಲ್ಲಿ. ಒಂದು ಕಡೆ ಸಾಮ್ರಾಜ್ಯದ ಅತಿ ಚಿಕ್ಕ ನಾಣ್ಯ, ಇನ್ನೊಂದು ಕಡೆ ಸಾಮ್ರಾಜ್ಯದ ಅತಿ ದೊಡ್ಡ ಕೋಣೆಗಳು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಲು ಹೊರಟರೆ ಎಲ್ಲಿಯೂ ಲೆಕ್ಕ ತಾಳೆಯಾಗುವುದಿಲ್ಲ. ತಾಳೆಯಾಗದ ಆ ಲೆಕ್ಕವನ್ನೇ ಒಂದಿಷ್ಟು ಬಿಡಿಸಿ ನೋಡೋಣ.

ಮೊದಲಿಗೆ ಇವು ಎಷ್ಟಿದ್ದವು ಅನ್ನುವ ಪ್ರಶ್ನೆ. ಅಗಸ್ಟಸನ ಬಲಗೈ ಬಂಟ ಅಗ್ರಿಪ್ಪ ಕ್ರಿ.ಪೂ. 33ರಲ್ಲಿ ನಗರದ ಉಸ್ತುವಾರಿ ಹೊತ್ತಿದ್ದಾಗ 170 ಸ್ನಾನಗೃಹಗಳನ್ನು ಜನರಿಗೆ ಪುಕ್ಕಟೆ ತೆರೆಸಿದ್ದನಂತೆ. ಸುಮಾರು ನೂರು ವರ್ಷದ ಬಳಿಕ ಇದನ್ನು ದಾಖಲಿಸಿದ ಹಿರಿಯ ಪ್ಲಿನಿ, ಈಗ ಅವುಗಳಿಗೆ ಲೆಕ್ಕವೇ ಇಲ್ಲ ಎಂದು ಕೈಚೆಲ್ಲುತ್ತಾನೆ. ಲೆಕ್ಕ ಸಿಗುವುದು ನಾಲ್ಕನೇ ಶತಮಾನದಲ್ಲಿ. ಆಗ ತಯಾರಾದ ನಗರದ ಪೇಟೆವಾರು ಪಟ್ಟಿಯೊಂದು ಉಳಿದುಕೊಂಡಿದೆ: ಚಿಕ್ಕ ಸ್ನಾನಗೃಹ 856, ಮಹಾ ಸ್ನಾನಗೃಹ 11. ಅದೇ ಪಟ್ಟಿಯಲ್ಲಿ ರೊಟ್ಟಿ ಸುಡುವ ಕಾರ್ಖಾನೆಗಳು 254, ಗ್ರಂಥಾಲಯಗಳು 28. ರೊಟ್ಟಿಯ ಒಲೆಗಿಂತ ಸ್ನಾನದ ಒಲೆ ಮೂರು ಪಟ್ಟಿಗೂ ಜಾಸ್ತಿ! ಊರಿಗೆ ಊರೇ ಹೊತ್ತು ಇಳಿಯುವ ಮೊದಲು ಮೀಯಲು ಹೊರಡುತ್ತಿತ್ತು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಮಹಾ ಸ್ನಾನಗೃಹಗಳ ಸಾಲು ಶುರುವಾದದ್ದೂ ಅಗ್ರಿಪ್ಪನಿಂದಲೇ. ಅವನು ಸಾಯುವಾಗ ತನ್ನ ಸ್ನಾನಗೃಹವನ್ನು ಜನರ ಹೆಸರಿಗೆ ಬರೆದಿಟ್ಟ, ಕಾಸಿಲ್ಲದೆ ಮೀಯಲಿ ಎಂದು. ಆಮೇಲೆ ನೀರೋ ಕಟ್ಟಿಸಿದ, ಟೈಟಸ್ ಕಟ್ಟಿಸಿದ, ನೀರೋನ ಚಿನ್ನದ ಅರಮನೆಯ ಒಂದು ಭಾಗವನ್ನು ಮಣ್ಣಲ್ಲಿ ಹೂತು ಅದರ ಮೇಲೆಯೇ ಟ್ರಾಜನ್ ಕಟ್ಟಿಸಿದ. ಹಿಂದಿನವನದಕ್ಕಿಂತ ನನ್ನದು ದೊಡ್ಡದಿರಲಿ ಅನ್ನುವ ಜಿದ್ದು ಇನ್ನೂರು ವರ್ಷ ನಡೆದು ಕ್ಯಾರಕಲಾ ಎಂಬ ಚಕ್ರವರ್ತಿಯ ಹೊತ್ತಿಗೆ ಎಲ್ಲೆ ಮೀರಿತು. ತಮ್ಮನನ್ನು ತಾಯಿಯ ಮಡಿಲಲ್ಲೇ ಕೊಲ್ಲಿಸಿದ ಈ ಕ್ರೂರಿ ಕಟ್ಟಿಸಿದ ಸ್ನಾನಗೃಹದ ಅವಶೇಷವೇ ಇಂದು ರೋಮ್ ನಗರದ ತೆಂಕಣ ಅಂಚಿನಲ್ಲಿ ಕೆಂಪು ಇಟ್ಟಿಗೆಯ ಗುಡ್ಡದ ಹಾಗೆ ನಿಂತಿದೆ.

ಅದರ ಅಳತೆ ಹೀಗಿದೆ. ನಡುಕಟ್ಟಡ 214 ಮೀಟರ್ ಉದ್ದ, 110 ಮೀಟರ್ ಅಗಲ. ಒಂದೇ ಕಟ್ಟಡದ ಅಡಿಯಲ್ಲಿ ಹತ್ತಿರ ಹತ್ತಿರ ಆರು ಎಕರೆ. ಸುತ್ತ ತೋಟ, ಅಡ್ಡಾಡುವ ಕಂಬಸಾಲು, ಗ್ರಂಥಾಲಯ, ನೀರಿನ ತೊಟ್ಟಿಗಳನ್ನು ಒಳಗೊಂಡ ಪ್ರಾಕಾರ 337 ಮೀಟರಿಗೆ 328 ಮೀಟರ್, ಸುಮಾರು 27 ಎಕರೆ. ಬಯಲಿಗೆ ತೆರೆದಿದ್ದ ಈಜುಕೊಳ 54 ಮೀಟರ್ ಉದ್ದ, 23 ಮೀಟರ್ ಅಗಲ. ಇಂದಿನ ಒಲಿಂಪಿಕ್ ಕೊಳದ ವಿಸ್ತೀರ್ಣಕ್ಕೆ ಒಂದು ಕೂದಲೆಳೆ ಕಡಿಮೆ. ನಡುವಿನ ತಣ್ಣೀರಿನ ಹಜಾರ 58 ಮೀಟರ್ ಉದ್ದ, 24 ಮೀಟರ್ ಅಗಲ, ಮೇಲೆ ಮೂರು ಅಡ್ಡ ಕಮಾನುಗಳ ಚಾವಣಿ, ಎತ್ತರ 30 ಮೀಟರಿಗೂ ಮೇಲೆ. ಅದರಾಚೆಗೆ ಬಿಸಿಕೋಣೆ: 35 ಮೀಟರ್ ವ್ಯಾಸದ ದುಂಡನೆಯ ಕೋಣೆ, ಮೇಲೆ ಗುಮ್ಮಟ. ರೋಮ್ ನಗರದ ಹೆಮ್ಮೆಯಾದ ಪ್ಯಾಂಥಿಯನ್ ಗುಡಿಯ ಗುಮ್ಮಟ 43 ಮೀಟರ್. ಅಂದರೆ ಎಲ್ಲ ದೇವರುಗಳಿಗೆ ಕಟ್ಟಿದ ಸೂರಿಗೂ ಬೆವರು ಸುರಿಸಲು ಬಂದ ನರಮನುಷ್ಯರಿಗೆ ಕಟ್ಟಿದ ಸೂರಿಗೂ ಇದ್ದ ಅಂತರ ಎಂಟು ಮೀಟರ್.

ಇಷ್ಟನ್ನು ಕಟ್ಟಲು ಹಿಡಿದ ಕಾಲ ಕೇಳಿದರೆ ಇನ್ನೂ ಸೋಜಿಗ. ಕೆಲಸ ಶುರುವಾದದ್ದು 211-12ರ ಸುಮಾರಿಗೆ, ಉದ್ಘಾಟನೆ 216ರಲ್ಲಿ. ಜ್ಯಾನೆಟ್ ಡಿಲೇನ್ ಎಂಬ ವಿದ್ವಾಂಸೆ ಈ ಒಂದು ಕಟ್ಟಡದ ಕಲ್ಲು, ಗಾರೆ, ಕೂಲಿಗಳ ಲೆಕ್ಕವನ್ನು ಗಡಿಯಾರ ಬಿಚ್ಚಿ ನೋಡುವವರ ತಾಳ್ಮೆಯಿಂದ ಮಾಡಿ 1997ರಲ್ಲಿ ಒಂದು ಪುಸ್ತಕವನ್ನೇ ತಂದರು. ನಿವೇಶನದಲ್ಲಿ ದಿನಕ್ಕೆ ಸರಾಸರಿ 9,000 ಆಳು ದುಡಿದಿರಬೇಕು ಎಂಬುದು ಸಾಮಾನ್ಯವಾಗಿ ಒಪ್ಪುವ ಅಂದಾಜು. ಗೋಡೆಯ ಮುಖಕ್ಕೆ ಹಾಸಿದ ತ್ರಿಕೋನದ ಇಟ್ಟಿಗೆ ಚೂರುಗಳು 91 ಲಕ್ಷ. ಐದು ವರ್ಷ, ವರ್ಷಕ್ಕೆ 300 ದಿನದ ಕೆಲಸ ಎಂದು ಹಿಡಿದರೆ ದಿನಕ್ಕೆ 6,000 ಇಟ್ಟಿಗೆ, ಹತ್ತು ಗಂಟೆಯ ದಿನಕ್ಕೆ ಗಂಟೆಗೆ 600, ನಿಮಿಷಕ್ಕೆ ಹತ್ತು. ಬೆಳಗಿನಿಂದ ಬೈಗಿನವರೆಗೆ, ಐದು ವರ್ಷ, ಎಲ್ಲೋ ಒಂದು ಕಡೆ ಆರು ಸೆಕೆಂಡಿಗೊಂದು ಇಟ್ಟಿಗೆ ಗಾರೆಯ ಮೇಲೆ ಕೂರುತ್ತಲೇ ಇರಬೇಕು. ಇದು ಬರೀ ಮೇಲುಹೊದಿಕೆ. ಗೋಡೆಯ ಹೊಟ್ಟೆ ತುಂಬಿಸಿದ್ದು ಸುಣ್ಣ, ಕಲ್ಲುಚೂರು, ಜ್ವಾಲಾಮುಖಿಯ ಬೂದಿಮಣ್ಣು ಕಲೆಸಿದ ರೋಮನ್ ಕಾಂಕ್ರೀಟು. ಆ ಬೂದಿಮಣ್ಣೊಂದೇ 3,41,000 ಘನ ಮೀಟರ್ ಎಂದು ಅಂದಾಜು.

ಆ ಬೂದಿಮಣ್ಣಿಲ್ಲದಿದ್ದರೆ ಈ ಕಥೆಯೇ ಇಲ್ಲ. ಗ್ರೀಕರು ಕಲ್ಲಿನ ತೊಲೆ ಇಟ್ಟು ಕಟ್ಟಿದವರು. ತೊಲೆ ಎಷ್ಟು ಉದ್ದ ತಾಳುತ್ತದೋ ಅಷ್ಟೇ ಕೋಣೆ, ಮಿಕ್ಕಿದ್ದೆಲ್ಲ ಕಂಬದ ಕಾಡು. ಮರದ ಅಚ್ಚಿನ ಮೇಲೆ ಸುರಿದು ಗಟ್ಟಿಯಾಗಲು ಬಿಟ್ಟರೆ ಗುಮ್ಮಟವಾಗಿ ನಿಲ್ಲುವ ಮಸಾಲೆ ರೋಮನ್ನರ ಕೈಗೆ ಸಿಕ್ಕಿತು. ಅದರ ದೊಡ್ಡ ಪ್ರಯೋಗಗಳು ನಡೆದದ್ದು ಸ್ನಾನಗೃಹಗಳಲ್ಲೇ. ಕಾರಣ ಸರಳ: ಹಬೆಗೆ ಮರದ ಚಾವಣಿ ಕೊಳೆಯುತ್ತದೆ, ಬೆಂಕಿಗೆ ಹತ್ತಿ ಉರಿಯುತ್ತದೆ. ಕಮಾನು ಎರಡಕ್ಕೂ ಜಗ್ಗುವುದಿಲ್ಲ. ಬೆವರಿನ ಕೋಣೆಗಾಗಿ ಕಲಿತ ಕಸುಬು ಮುಂದೆ ಇಗರ್ಜಿಗಳ ಚಾವಣಿಯಾಯಿತು.

ಇನ್ನು ಕಂಬಗಳು. ನಡುಕಟ್ಟಡದಲ್ಲಿ 252 ಇದ್ದವು, ಅವುಗಳಲ್ಲಿ ಎಲ್ಲಕ್ಕಿಂತ ಠೀವಿಯವು ತಣ್ಣೀರಿನ ಹಜಾರದಲ್ಲಿ ನಿಂತಿದ್ದ ಎಂಟು. ಒಂದೇ ಕಲ್ಲಿನ ಬೂದುಬಣ್ಣದ ಗ್ರಾನೈಟ್ ಕಂಬ, 11 ಮೀಟರಿಗೂ ಉದ್ದ, ಒಂದೊಂದೂ 50 ಟನ್ನಿಗೆ ಮಿಗಿಲು. ಇವನ್ನು ಕಡಿದದ್ದು ಇಟಲಿಯಲ್ಲಲ್ಲ. ಈಜಿಪ್ಟಿನ ಪೂರ್ವ ಮರುಭೂಮಿಯಲ್ಲಿ ಮೊನ್ಸ್ ಕ್ಲಾಡಿಯಾನಸ್ ಎಂಬ ಗಣಿಯಿದೆ, ನೈಲ್ ನದಿಯಿಂದ ನೂರು ಕಿಲೋಮೀಟರಿಗೂ ಆಚೆ. ಅಲ್ಲಿಂದ ಮರಳು, ಕಣಿವೆಗಳ ನಡುವೆ ನದಿಯವರೆಗೆ ಎಳೆದು, ದೋಣಿಗೆ ಹೇರಿ ಅಲೆಕ್ಸಾಂಡ್ರಿಯಾ ಮುಟ್ಟಿಸಿ, ಸಮುದ್ರ ದಾಟಿಸಿ, ಟೈಬರ್ ನದಿಯಲ್ಲಿ ಮೇಲಕ್ಕೆ ಎಳೆದು ತರಬೇಕು. ಗಣಿಯಲ್ಲಿ ಇವತ್ತಿಗೂ ಬಿರುಕುಬಿಟ್ಟ ಒಂದು ಕಂಬ ಬಿದ್ದಿದೆ, ಉದ್ದ ಸುಮಾರು 18 ಮೀಟರ್, ತೂಕ 200 ಟನ್. ಕಡಿದು ಮುಗಿಸಿದ ಮೇಲೆ ಸೀಳಿತು, ಬಿಟ್ಟು ಹೋದರು. ಅದೇ ಜಾಗದ ಕಸದ ರಾಶಿಯಲ್ಲಿ 9,000ಕ್ಕೂ ಹೆಚ್ಚು ಮಡಕೆ ಚೂರುಗಳು ಸಿಕ್ಕಿವೆ, ಮೇಲೆ ಶಾಯಿಯಲ್ಲಿ ಬರೆದ ಗುಮಾಸ್ತರ ಲೆಕ್ಕಗಳು. ಹೆಚ್ಚಿನವು ಕ್ಯಾರಕಲಾನಿಗಿಂತ ಸುಮಾರು ನೂರು ವರ್ಷ ಹಿಂದಿನವು. ಯಾರಿಗೆ ಎಷ್ಟು ಧಾನ್ಯ, ಯಾರಿಗೆ ಎಷ್ಟು ನೀರು ಎಂಬ ಪಡಿಪಟ್ಟಿಗಳು ಅವುಗಳಲ್ಲಿವೆ. ಕುಡಿಯುವ ನೀರನ್ನು ಅಳೆದು ಹಂಚುತ್ತಿದ್ದ ಮರುಭೂಮಿಯಿಂದ ಬಂದ ಕಲ್ಲು ರೋಮಿನಲ್ಲಿ ನೀರಾಟದ ಹಜಾರಕ್ಕೆ ಕಂಬವಾಯಿತು.

ಆ ನೀರಿನ ಲೆಕ್ಕವೂ ದೊಡ್ಡದೇ. ಕ್ಯಾರಕಲಾನ ಸ್ನಾನಗೃಹಕ್ಕೆ ಆಕ್ವಾ ಮಾರ್ಸಿಯಾ ಎಂಬ ಹಳೆಯ ಕಾಲುವೆಯಿಂದ ಹೊಸ ಕವಲು ತೆಗೆದರು. ಕ್ರಿ.ಪೂ. 144ರಲ್ಲಿ ಕಟ್ಟಲು ತೊಡಗಿದ ಆ ಕಾಲುವೆಯ ಉದ್ದ 91 ಕಿಲೋಮೀಟರ್, ಬಹುಪಾಲು ನೆಲದೊಳಗೆ, ನಗರ ಹತ್ತಿರವಾದಾಗ ಕಮಾನುಗಳ ಮೇಲೆ. ಪಂಪಿಲ್ಲ, ಯಂತ್ರವಿಲ್ಲ, ಇಳಿಜಾರಿನ ಹದವೊಂದೇ ನೀರನ್ನು ನಡೆಸಬೇಕು. ಇಳಿಜಾರು ಹೆಚ್ಚಾದರೆ ರಭಸಕ್ಕೆ ಕಾಲುವೆ ಕೊರೆದು ಹೋಗುತ್ತದೆ, ಕಡಿಮೆಯಾದರೆ ನೀರು ನಿಂತು ಹೂಳು ತುಂಬುತ್ತದೆ. ಉತ್ತರ ಆಫ್ರಿಕದ ಕಾರ್ತೇಜಿನಲ್ಲಿ ಎರಡನೇ ಶತಮಾನದ ನಡುವೆ ಎದ್ದ ಆಂಟನೈನ್ ಸ್ನಾನಗೃಹಕ್ಕೆ ನೀರುಣಿಸಿದ ಕಾಲುವೆ ಇದನ್ನೂ ಮೀರಿಸಿ 132 ಕಿಲೋಮೀಟರ್ ಓಡಿತು. ಕ್ರಿ.ಶ. 97ರಲ್ಲಿ ರೋಮಿನ ನೀರಿನ ಇಲಾಖೆಗೆ ಮುಖ್ಯಸ್ಥನಾದ ಫ್ರಂಟೈನಸ್ ತನ್ನ ಕಾಲುವೆಗಳ ಮುಂದೆ ಈಜಿಪ್ಟಿನ ಪಿರಮಿಡ್ಡುಗಳು ಕೆಲಸಕ್ಕೆ ಬಾರದ ರಾಶಿಗಳು ಎಂದು ಬರೆದ. ಇಲಾಖೆಯ ಮನುಷ್ಯನ ಜಂಬ ಎಂದು ನಗಬಹುದು, ಆದರೂ ಅವನ ಮಾತನ್ನು ತಳ್ಳಿಹಾಕುವುದು ಕಷ್ಟ.

ಭೂಮಿಯೇ ನೀರು ಕಾಯಿಸಿ ಕೊಟ್ಟ ಊರುಗಳೂ ಇದ್ದವು. ಇಂಗ್ಲೆಂಡಿನ ಬಾತ್ ಪಟ್ಟಣದ ಬುಗ್ಗೆಯಿಂದ ಈಗಲೂ ದಿನಕ್ಕೆ 11,70,000 ಲೀಟರ್ ನೀರು 46 ಡಿಗ್ರಿ ಬಿಸಿಯಲ್ಲಿ ಉಕ್ಕುತ್ತದೆ. ಅಲ್ಲಿನ ದೊಡ್ಡ ಕೊಳದ ತಳಕ್ಕೆ ರೋಮನ್ನರು ಹಾಸಿದ 45 ಸೀಸದ ತಗಡುಗಳು ಇನ್ನೂ ನೀರು ಹಿಡಿದು ನಿಂತಿವೆ. ಉಳಿದ ಕಡೆಯೆಲ್ಲ ಸೌದೆಯೇ ಗತಿ.

ಈ ಸೌದೆಯ ಕೆಲಸವನ್ನು ಹತ್ತಿರದಿಂದ ನೋಡಬೇಕು. ವಿಟ್ರುವಿಯಸ್ ಎಂಬ ವಾಸ್ತುಶಿಲ್ಪಿ ಬಿಸಿಕೋಣೆಯ ನೆಲ ಕಟ್ಟುವ ಬಗೆಯನ್ನು ಮೇಸ್ತ್ರಿಗೆ ಹೇಳಿಕೊಡುವ ಹಾಗೆ ಬರೆದಿಟ್ಟಿದ್ದಾನೆ. ಮೊದಲು ಕೆಳಗಿನ ನೆಲಕ್ಕೆ ಒಲೆಯ ಬಾಯಿಯತ್ತ ಇಳಿಜಾರು ಕೊಡಬೇಕು. ಎಷ್ಟು ಇಳಿಜಾರು? ಒಳಕ್ಕೆ ಒಂದು ಚೆಂಡು ಎಸೆದರೆ ಅದು ಅಲ್ಲಿ ನಿಲ್ಲದೆ ಉರುಳಿ ಒಲೆಯ ಬಾಯಿಗೇ ವಾಪಸು ಬರಬೇಕು, ಅಷ್ಟು. ಹಾಗಿದ್ದರೆ ಜ್ವಾಲೆ ತಾನಾಗಿ ಒಳಗೆ ಹರಡುತ್ತದೆ. ಆ ನೆಲದ ಮೇಲೆ ಎಂಟು ಅಂಗುಲದ ಚೌಕ ಇಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ ಎರಡಡಿ ಎತ್ತರದ ಗಿಡ್ಡ ಕಂಬಗಳನ್ನು ಎಬ್ಬಿಸಬೇಕು. ನಡುವಿನ ಗಾರೆ ಕೂದಲು ಬೆರೆಸಿ ತುಳಿದ ಜೇಡಿಮಣ್ಣಿನದು. ಕಂಬದಿಂದ ಕಂಬಕ್ಕೆ ಎರಡಡಿಯ ಹೆಂಚು ಹಾಸಿ, ಅದರ ಮೇಲೆ ದಪ್ಪನೆಯ ನೆಲಗಟ್ಟು. ಜನ ಓಡಾಡುವುದು ಆ ನೆಲಗಟ್ಟಿನ ಮೇಲೆ, ಬೆಂಕಿಯ ಬಿಸಿಗಾಳಿ ಓಡಾಡುವುದು ಅದರ ಕೆಳಗೆ. ಗೋಡೆಯೊಳಗೂ ಟೊಳ್ಳು ಹೆಂಚಿನ ಕೊಳವೆಗಳನ್ನು ಸಾಲಾಗಿ ಜೋಡಿಸಿ ಹೊಗೆಯನ್ನು ಮೇಲಕ್ಕೆ ಹತ್ತಿಸುತ್ತಿದ್ದರು. ಒಲೆಯ ಮೇಲೆ ಮೂರು ಕಂಚಿನ ಪಾತ್ರೆ: ಬಿಸಿ, ಉಗುರುಬೆಚ್ಚಗೆ, ತಣ್ಣಗೆ. ಬಿಸಿಯದರಿಂದ ಎಷ್ಟು ನೀರು ಹೋಯಿತೋ ಅಷ್ಟು ಬೆಚ್ಚನೆಯದರಿಂದ ಬಂದು ತುಂಬಿಕೊಳ್ಳುವ ಏರ್ಪಾಡು. ಸೌದೆ ಒಲೆಯ ಮೇಲೆ ಹೂತ ಬಚ್ಚಲ ಹಂಡೆಯನ್ನು ಕಂಡವರಿಗೆ ಇದರ ಉಪಾಯ ಬಿಡಿಸಿ ಹೇಳಬೇಕಿಲ್ಲ.

ಈಗ ವಿಟ್ರುವಿಯಸನ ಸೂತ್ರವನ್ನು ಕ್ಯಾರಕಲಾನ ಬಿಸಿಕೋಣೆಗೆ ಹಚ್ಚಿ ನೋಡಿ. 35 ಮೀಟರ್ ವ್ಯಾಸದ ನೆಲ 960 ಚದರ ಮೀಟರ್. ಇಡೀ ನೆಲವನ್ನು ಎರಡಡಿಗೊಂದು ಕಂಬದಂತೆ ಎತ್ತಿ ನಿಲ್ಲಿಸಬೇಕಾದರೆ ಎರಡೂವರೆ ಸಾವಿರಕ್ಕೂ ಹೆಚ್ಚು ಗಿಡ್ಡ ಕಂಬ ಬೇಕು. ಮೀಯಲು ಬಂದವನ ಕಣ್ಣಿಗೆ ಇವುಗಳಲ್ಲಿ ಒಂದೂ ಬೀಳುವುದಿಲ್ಲ. ಅಂಗಾಲು ಸುಡದಿರಲಿ ಎಂದು ಅವನು ಮರದ ಅಟ್ಟೆಯ ಚಪ್ಪಲಿ ಮೆಟ್ಟಿಕೊಂಡಿರುತ್ತಾನೆ, ಅಷ್ಟೇ.

ಇನ್ನೂ ಕೆಳಗೆ ಇನ್ನೊಂದು ಊರೇ ಇತ್ತು. ಈ ಸ್ನಾನಗೃಹದ ನೆಲದಡಿಯಲ್ಲಿ ಬಂಡಿ ಓಡಾಡುವಷ್ಟು ಅಗಲದ ಸುರಂಗಗಳು ಕಿಲೋಮೀಟರ್‌ಗಟ್ಟಲೆ ಹಬ್ಬಿವೆ. ಒಟ್ಟು 50 ಒಲೆಗಳು, ದಿನಕ್ಕೆ ಸುಮಾರು 10 ಟನ್ ಸೌದೆ ಎಂಬುದು ಅಲ್ಲಿ ಕೆಲಸ ಮಾಡಿದ ಪುರಾತತ್ವಜ್ಞರ ಅಂದಾಜು. ವರ್ಷವಿಡೀ ಉರಿದರೆ 3,650 ಟನ್. ಇದು ಒಂದು ಕಟ್ಟಡದ ಮಾತು. ನಗರದಲ್ಲಿ ಇಂಥವು 11, ಜೊತೆಗೆ 856 ಚಿಕ್ಕವು. ಹೊಗೆ, ಬೂದಿ, ಕತ್ತಲೆಯ ನಡುವೆ ಆ ಒಲೆಗಳಿಗೆ ಸೌದೆ ಒಡ್ಡುತ್ತಿದ್ದವರು ಗುಲಾಮರು. ಮೇಲೆ ಅಮೃತಶಿಲೆಯ ಕಟ್ಟೆಯ ಮೇಲೆ ಕೂತು ಬೆವರು ಒರೆಸಿಕೊಳ್ಳುವವನು ಸುಖಕ್ಕೆ ಬೆವರುತ್ತಾನೆ, ಕೆಳಗಿನವನು ಹೊಟ್ಟೆಪಾಡಿಗೂ ಅಲ್ಲದೆ ಬೆವರುತ್ತಾನೆ. ಇವರ ಸಂಬಳದ ಲೆಕ್ಕ ಎಲ್ಲಿಯೂ ಸಿಗುವುದಿಲ್ಲ, ಸಂಬಳವೇ ಇರಲಿಲ್ಲವಲ್ಲ. ಕಾಲು ಕಾಸಿನ ಗುಟ್ಟು ಅರ್ಧ ಇಲ್ಲಿದೆ.

ಚಿಕ್ಕ ಊರಿನ ಸ್ನಾನಗೃಹ ಹೇಗೆ ನಡೆಯುತ್ತಿತ್ತು ಅನ್ನುವುದಕ್ಕೆ ಪೋರ್ಚುಗಲ್ಲಿನ ಒಂದು ಗಣಿ ಊರು ಅಪರೂಪದ ಸಾಕ್ಷಿ ಬಿಟ್ಟುಹೋಗಿದೆ. ಆಗ ವಿಪಾಸ್ಕ, ಈಗ ಅಲ್ಜುಸ್ಟ್ರೆಲ್. 1876ರಲ್ಲಿ ಅಲ್ಲಿ ಸಿಕ್ಕಿದ ಕಂಚಿನ ತಗಡಿನಲ್ಲಿ ಎರಡನೇ ಶತಮಾನದ ಗುತ್ತಿಗೆಯ ಕರಾರುಗಳಿವೆ. ಸ್ನಾನಗೃಹ ಹಿಡಿದ ಗುತ್ತಿಗೆದಾರ ತನ್ನ ಖರ್ಚಿನಲ್ಲೇ ನೀರು ಕಾಯಿಸಬೇಕು. ಬೆಳಗಿನಿಂದ ಏಳನೇ ತಾಸಿನವರೆಗೆ ಹೆಂಗಸರಿಗೆ, ಎಂಟನೇ ತಾಸಿನಿಂದ ರಾತ್ರಿಯ ಎರಡನೇ ತಾಸಿನವರೆಗೆ ಗಂಡಸರಿಗೆ. ತೊಟ್ಟಿಯಲ್ಲಿ ನೀರು ಕಪ್ಪೆಯ ಗುರುತಿನ ತನಕ ತುಂಬಿರಲೇಬೇಕು. ಗಂಡಸರಿಗೆ ಅರ್ಧ ಆಸ್, ಹೆಂಗಸರಿಗೆ ಒಂದು ಆಸ್. ಸಿಪಾಯಿಗಳಿಗೆ, ಮಕ್ಕಳಿಗೆ ಬಿಟ್ಟಿ. ಹೆಂಗಸರಿಗೇಕೆ ದುಪ್ಪಟ್ಟು ಅಂತ ತಗಡು ಹೇಳುವುದಿಲ್ಲ. ಕಂಚಿನ ಪಾತ್ರೆಗಳನ್ನು 30 ದಿನಕ್ಕೊಮ್ಮೆ ತೊಳೆದು, ಒರೆಸಿ, ಹೊಸ ಕೊಬ್ಬು ಸವರಬೇಕು. ಉರಿಸಲೆಂದು ತಂದ ಸೌದೆಯನ್ನು ಮಾರಿಕೊಂಡು ದುಡ್ಡು ಮಾಡುವ ಹಾಗಿಲ್ಲ, ಉರುವಲಿಗೆ ಬಾರದ ಕೊಂಬೆ ಚೂರುಗಳನ್ನು ಬಿಟ್ಟು. ತಪ್ಪಿದರೆ ದಂಡ. ಗುತ್ತಿಗೆದಾರರ ಕೈಚಳಕ ಎರಡು ಸಾವಿರ ವರ್ಷ ಹಿಂದಿನ ಅಧಿಕಾರಿಗಳಿಗೂ ಚೆನ್ನಾಗಿಯೇ ಗೊತ್ತಿತ್ತು.

ಹಣದ ಲೆಕ್ಕ ಅಕ್ಷರದಲ್ಲೇ ಉಳಿದಿರುವ ಇನ್ನೊಂದು ಜಾಗ ಪಾಂಪೇಯ. ಪೇಟೆಚೌಕದ ಪಕ್ಕದ ಸ್ನಾನಗೃಹದ ಬಿಸಿಕೋಣೆಯಲ್ಲಿ ಅಮೃತಶಿಲೆಯ ಅಗಲವಾದ ಬೋಗುಣಿಯಿದೆ, ಬೆವರಿದ ಮುಖಕ್ಕೆ ತಣ್ಣೀರು ಎರಚಿಕೊಳ್ಳಲು. ಅದರ ಅಂಚಿನ ಮೇಲೆ ಕಂಚಿನ ಅಕ್ಷರಗಳಲ್ಲಿ ಇಬ್ಬರು ನಗರಾಧಿಕಾರಿಗಳ ಹೆಸರು, ಸಾರ್ವಜನಿಕ ಹಣದಿಂದ ಮಾಡಿಸಿದ್ದೆಂಬ ಒಕ್ಕಣೆ, ಬೆಲೆ 5,250 ಸೆಸ್ಟರ್ಸ್ ಎಂಬ ಲೆಕ್ಕ. ಬೆಲೆಯನ್ನು ಹೀಗೆ ಎಲ್ಲರಿಗೂ ಕಾಣುವಂತೆ ಕೂರಿಸಿದ್ದು ನನಗೆ ಬಹಳ ಮೆಚ್ಚುಗೆಯಾಯಿತು. ಕ್ವಾಡ್ರನ್ಸಿಗೆ ತಿರುಗಿಸಿದರೆ ಇದು 84,000. ಪಾಂಪೇಯದ ಜನಸಂಖ್ಯೆ ಹತ್ತು-ಹನ್ನೆರಡು ಸಾವಿರ ಎಂದು ಹಿಡಿದರೆ, ಊರಿನ ಪ್ರತಿಯೊಬ್ಬರೂ, ಕೂಸು ಮುದುಕರೆನ್ನದೆ, ಏಳೆಂಟು ಸಲ ಬಂದು ದುಡ್ಡು ಕೊಟ್ಟರೆ ಈ ಒಂದು ಬೋಗುಣಿಯ ಸಾಲ ತೀರುತ್ತದೆ. ಕಟ್ಟಡ ಬೇರೆ, ಸೌದೆ ಬೇರೆ, ನೀರು ಬೇರೆ. ಹೀಗಿರುವಾಗ ಬಾಗಿಲ ಕಾಸು ಯಾವತ್ತೂ ಆದಾಯವಾಗಿರಲು ಸಾಧ್ಯವಿಲ್ಲ. ಕೊರತೆ ತುಂಬಿದವರು ಚಕ್ರವರ್ತಿಗಳು, ಪುರಸಭೆಗಳು, ಹೆಸರು ಬೇಕಾದ ಶ್ರೀಮಂತರು. ಕಿರಿಯ ಪ್ಲಿನಿ ತನ್ನ ಹುಟ್ಟೂರು ಕೋಮೋಗೆ ಸ್ನಾನಗೃಹ ಬಿಟ್ಟುಹೋದಾಗ ಅಲಂಕಾರಕ್ಕೆಂದು 3 ಲಕ್ಷ ಸೆಸ್ಟರ್ಸ್, ನಡೆಸಿಕೊಂಡು ಹೋಗಲು ಬೇರೆ 2 ಲಕ್ಷ ಬರೆದಿಟ್ಟ. ಕಟ್ಟುವುದಕ್ಕಿಂತ ನಡೆಸುವುದು ಕಷ್ಟ ಎಂದು ಬಲ್ಲವನು.

ನಾಣ್ಯದ ಆಯಸ್ಸು ಸ್ನಾನದ ಆಯಸ್ಸಿಗಿಂತ ಕಡಿಮೆ. ಎರಡನೇ ಶತಮಾನ ಮುಗಿಯುವ ಮೊದಲೇ ಕ್ವಾಡ್ರನ್ಸ್ ಟಂಕಿಸುವುದು ನಿಂತುಹೋಯಿತು, ಬೆಲೆಗಳು ಗಗನಕ್ಕೇರಿದವು. 301ರಲ್ಲಿ ಚಕ್ರವರ್ತಿ ಡಯೋಕ್ಲಿಷನ್ ಸಾವಿರಕ್ಕೂ ಹೆಚ್ಚು ಸರಕು, ಸೇವೆಗಳಿಗೆ ಮೇಲ್ಮಿತಿ ಕಟ್ಟಿದ ಆಜ್ಞೆಯಲ್ಲಿ ಹೊಲದ ಕೂಲಿಗೆ ದಿನಕ್ಕೆ 25 ಡಿನೇರಿಯಸ್, ಊಟ ಬೇರೆ. ಖಾಸಗಿ ಸ್ನಾನಗೃಹದವನಿಗೆ ತಲೆಗೆ 2, ಕ್ಷೌರಿಕನಿಗೂ 2. ಆಗಲೂ ಒಂದು ದಿನದ ಕೂಲಿಗೆ ಹನ್ನೆರಡು ಸ್ನಾನ. ಇದೇ ಡಯೋಕ್ಲಿಷನ್ ಹೆಸರಿನಲ್ಲಿ 298 ಮತ್ತು 306ರ ನಡುವೆ ಎದ್ದದ್ದೇ ಎಲ್ಲಕ್ಕಿಂತ ದೊಡ್ಡ ಸ್ನಾನಗೃಹ, 32 ಎಕರೆಯದು. ಐದನೇ ಶತಮಾನದ ಒಲಿಂಪಿಯೊಡೋರಸ್ ಬರೆದ ಪ್ರಕಾರ ಕ್ಯಾರಕಲಾನದರಲ್ಲಿ ಅಮೃತಶಿಲೆಯ ಆಸನಗಳು 1,600, ಡಯೋಕ್ಲಿಷನ್ನನದರಲ್ಲಿ ಹತ್ತಿರ ಹತ್ತಿರ ಅದರ ಎರಡರಷ್ಟು.

ಒಂದೇ ಸೂರಿನಡಿ ಇಷ್ಟು ಜನ ಸೇರಿದರೆ ಗದ್ದಲ ಹೇಗಿರಬಹುದು? ಸ್ನಾನಗೃಹದ ಮೇಲೆಯೇ ಬಿಡಾರ ಹಿಡಿದಿದ್ದ ತತ್ವಜ್ಞಾನಿ ಸೆನೆಕಾ ಗೆಳೆಯನಿಗೆ ಬರೆದ ಪತ್ರದಲ್ಲಿ ಗೋಳಾಡಿಕೊಂಡಿದ್ದಾನೆ. ಸೀಸದ ಗುಂಡೆತ್ತುವವರ ಏದುಸಿರು, ಮೈ ತಿಕ್ಕುವವನ ಅಂಗೈ ಹೆಗಲ ಮೇಲೆ ಬಿದ್ದ ಸದ್ದು, ಚೆಂಡಿನಾಟದ ಎಣಿಕೆ, ಧೊಪ್ಪನೆ ನೀರಿಗೆ ಹಾರುವವರು, ಸಿಕ್ಕಿಬಿದ್ದ ಕಳ್ಳ, ಸಾಸೇಜ್ ಮಾರುವವನ ಕೂಗು, ತಿಂಡಿಯವನ ಕೂಗು. ಕಂಕುಳ ಕೂದಲು ಕೀಳುವವನೊಬ್ಬ ಗಿರಾಕಿಗಾಗಿ ಕೀರಲು ದನಿಯಲ್ಲಿ ಅರಚುತ್ತಲೇ ಇರುತ್ತಾನಂತೆ; ಗಿರಾಕಿ ಸಿಕ್ಕ ಮೇಲೆ ಇವನು ಸುಮ್ಮನಾಗುತ್ತಾನೆ, ಅವನು ಅರಚಲು ಶುರುಮಾಡುತ್ತಾನೆ.

ನೀರು ಶುಭ್ರವಾಗಿತ್ತೆಂದು ಯಾರೂ ಭ್ರಮಿಸಬೇಕಿಲ್ಲ. ಸಾಬೂನಿನ ಬಳಕೆ ಇರಲಿಲ್ಲ. ಮೈಗೆ ಎಣ್ಣೆ ಬಳಿದು, ಬಾಗಿದ ಲೋಹದ ಪಟ್ಟಿಯಿಂದ ಎಣ್ಣೆ, ಬೆವರು, ಮಣ್ಣನ್ನು ಕೆರೆದು ತೆಗೆದು, ಉಳಿದದ್ದನ್ನೆಲ್ಲ ಸಾವಿರ ಜನ ಒಂದೇ ತೊಟ್ಟಿಯಲ್ಲಿ ಕಳೆದುಕೊಂಡರೆ ತೊಟ್ಟಿ ಏನಾಗಬೇಕು? ಮಾರ್ಕಸ್ ಔರೇಲಿಯಸ್ ಚಕ್ರವರ್ತಿಯೇ ಸ್ನಾನವೆಂದರೆ ಎಣ್ಣೆ, ಬೆವರು, ಕೊಳೆ, ಜಿಡ್ಡು ನೀರು ಎಂದು ಮೂಗು ಮುರಿದಿದ್ದ. ಹಸಿ ಗಾಯ ಇಟ್ಟುಕೊಂಡು ಸ್ನಾನಕ್ಕೆ ಇಳಿಯಬೇಡಿ, ಗಾಯ ಕೊಳೆಯುತ್ತದೆ ಎಂದು ಸೆಲ್ಸಸ್ ವೈದ್ಯಗ್ರಂಥದಲ್ಲಿ ಎಚ್ಚರಿಸಿದ. ವೇಲ್ಸ್ ನಾಡಿನ ಕಾರ್ಲಿಯನ್ ಕೋಟೆಯ ಸ್ನಾನಗೃಹದ ಚರಂಡಿಯನ್ನು ಅಗೆದವರಿಗೆ ಉಂಗುರದ ಕೆತ್ತನೆ ಹರಳುಗಳು 88 ಸಿಕ್ಕವು. ಹಬೆಗೆ ಅಂಟು ಸಡಿಲವಾಗಿ, ಹರಳು ಉದುರಿ, ಮೋರಿ ಸೇರಿದ್ದವು. ಎಂಬತ್ತೆಂಟು ಮಂದಿ ಮನೆಗೆ ಹೋಗಿ ಬೆರಳು ನೋಡಿಕೊಂಡಿರಬೇಕು. ಬಾತ್ ಪಟ್ಟಣದ ಬುಗ್ಗೆಯಲ್ಲಿ ಸುಮಾರು 130 ಶಾಪದ ತಗಡುಗಳು ಸಿಕ್ಕಿವೆ. ಮೀಯುವಾಗ ಬಟ್ಟೆ ಕದ್ದವನಿಗೆ ನಿದ್ದೆ ಬಾರದಿರಲಿ, ಮಕ್ಕಳಾಗದಿರಲಿ ಎಂದು ಬುಗ್ಗೆಯ ದೇವತೆಗೆ ಕೊಟ್ಟ ಅರ್ಜಿಗಳು ಅವುಗಳಲ್ಲಿವೆ. ಒಂದು ಟೊಪ್ಪಿಗೆ ಅಂಗಿಗೆ ಇಷ್ಟು ಸಿಟ್ಟು!

ಇದೆಲ್ಲ ನಿಂತದ್ದು ಒಂದೇ ಪೆಟ್ಟಿಗೆ. 537ರಲ್ಲಿ ಗೋಥರ ದೊರೆ ವಿಟಿಗೆಸ್ ರೋಮಿಗೆ ಮುತ್ತಿಗೆ ಹಾಕಿ ಕಾಲುವೆಗಳನ್ನು ಕಡಿಸಿದ. ಕಾಲುವೆಯ ನೀರಿನಿಂದ ತಿರುಗುತ್ತಿದ್ದ ಹಿಟ್ಟಿನ ಗಿರಣಿಗಳೂ ನಿಂತವು. ಒಳಗಿದ್ದ ಸೇನಾಪತಿ ಬೆಲಿಸೇರಿಯಸ್ ಟೈಬರ್ ನದಿಯಲ್ಲಿ ದೋಣಿ ಕಟ್ಟಿ ಪ್ರವಾಹಕ್ಕೆ ಗಿರಣಿ ತಿರುಗಿಸಿಕೊಂಡ. ರೊಟ್ಟಿಗೆ ದಾರಿಯಾಯಿತು, ಸ್ನಾನಕ್ಕೆ ಆಗಲಿಲ್ಲ. ಬಿದ್ದ ಅಮೃತಶಿಲೆಯನ್ನು ಮುಂದಿನ ಶತಮಾನಗಳ ಜನ ಸುಟ್ಟು ಸುಣ್ಣ ಮಾಡಿದರು. 1546ರ ಅಗೆತದಲ್ಲಿ ಫಾರ್ನೀಸ್ ಮನೆತನದವರಿಗೆ ಕ್ಯಾರಕಲಾನ ಅಂಗಳದಲ್ಲಿ ದೊರೆತ ಹೋರಿಯ ಶಿಲ್ಪಸಮೂಹ 24 ಟನ್ ತೂಗುತ್ತದೆ. ಗ್ರೀಕ್-ರೋಮನ್ ಕಾಲದಿಂದ ನಮಗೆ ದಕ್ಕಿದ ಅತಿ ದೊಡ್ಡ ಶಿಲ್ಪಗಳಲ್ಲಿ ಅದೂ ಒಂದು. ಈಗ ನೇಪಲ್ಸಿನಲ್ಲಿದೆ. ಎಂಟು ಗ್ರಾನೈಟ್ ಕಂಬಗಳಲ್ಲಿ ಉಳಿದಿದ್ದ ಒಂದನ್ನು ಪೋಪ್ ನಾಲ್ಕನೇ ಪಯಸ್ ಫ್ಲಾರೆನ್ಸಿನ ದೊರೆಗೆ ಉಡುಗೊರೆ ಕೊಟ್ಟ. ಅದೇ ಪೋಪನ ಅಪ್ಪಣೆಯಂತೆ ಮೈಕೆಲೆಂಜೆಲೊ ತನ್ನ ಎಂಬತ್ತಾರರ ವಯಸ್ಸಿನಲ್ಲಿ ಡಯೋಕ್ಲಿಷನ್ನನ ತಣ್ಣೀರಿನ ಹಜಾರವನ್ನು ಇಗರ್ಜಿಯಾಗಿ ಮಾರ್ಪಡಿಸಲು ಕೈಹಾಕಿದ. ಎಂಟು ಕೆಂಪು ಗ್ರಾನೈಟ್ ಕಂಬಗಳು ಅಲ್ಲಿ ಇಂದಿಗೂ ಮೊದಲಿನ ಜಾಗದಲ್ಲೇ ಇವೆ. ಪ್ರಾಕಾರದ ಮೂಲೆಯ ದುಂಡು ಕೋಣೆಯೊಂದು ಇನ್ನೊಂದು ಇಗರ್ಜಿ. ಮಿಕ್ಕ ಹಜಾರಗಳಲ್ಲಿ ವಸ್ತುಸಂಗ್ರಹಾಲಯ. ಎದುರಿನ ರೈಲು ನಿಲ್ದಾಣ ಟರ್ಮಿನಿ ಎಂಬ ಹೆಸರನ್ನೂ ಇದರಿಂದಲೇ ಪಡೆಯಿತು.

ಕ್ಯಾರಕಲಾನ ಅವಶೇಷಕ್ಕೂ ಬಿಡುವಿರಲಿಲ್ಲ. ಬಿಸಿಕೋಣೆಯ ಗೋಡೆಗಳ ಮುಂದೆ 1937ರಿಂದ ಆಪೆರಾ ನಡೆಯುತ್ತಿದೆ. 1960ರ ಒಲಿಂಪಿಕ್ಸಿನ ಜಿಮ್ನಾಸ್ಟಿಕ್ಸ್ ಇಲ್ಲೇ ಆಯಿತು. 1990ರ ಜುಲೈ 7ರಂದು ಆಪೆರಾ ಗಾಯಕರಾದ ಪವರೊಟ್ಟಿ, ಡೊಮಿಂಗೊ, ಕರೇರಾಸ್ ಒಟ್ಟಿಗೆ ಹಾಡಿದ್ದೂ ಇಲ್ಲೇ. ಮೇಳ ನಡೆಸಿದವರು ಮುಂಬಯಿಯಲ್ಲಿ ಹುಟ್ಟಿದ ಜುಬಿನ್ ಮೆಹ್ತಾ.

ಅಳತೆಗೆ ಮರುಳಾದವರಲ್ಲಿ ಅಮೆರಿಕನ್ನರೂ ಇದ್ದರು. 1910ರಲ್ಲಿ ತೆರೆದ ನ್ಯೂಯಾರ್ಕಿನ ಪೆನ್ಸಿಲ್ವೇನಿಯಾ ರೈಲು ನಿಲ್ದಾಣವನ್ನು ರೂಪಿಸುವಾಗ ವಾಸ್ತುಶಿಲ್ಪಿ ಮೆಕಿಮ್ ತನ್ನ ನಿರೀಕ್ಷಣಾ ಹಜಾರಕ್ಕೆ ಕ್ಯಾರಕಲಾನ ತಣ್ಣೀರಿನ ಹಜಾರವನ್ನೇ ಮಾದರಿಯಾಗಿ ಹಿಡಿದ, ಅದಕ್ಕಿಂತಲೂ ಹಿಗ್ಗಿಸಿ ಕಟ್ಟಿದ. ಉಕ್ಕಿನ ಹಂದರದ ಮೇಲೆ ರೋಮನ್ ಕಮಾನುಗಳ ವೇಷ. ಅಲ್ಲಿಗೆ ಬರುವವರು ಕ್ವಾಡ್ರನ್ಸ್ ಅಲ್ಲ, ಡಾಲರ್ ಕೊಟ್ಟು ಟಿಕೆಟ್ ಕೊಂಡವರು. ಆದರೂ ರೈಲು ಕಂಪನಿ ನಷ್ಟಕ್ಕೆ ಬಿತ್ತು, ನಿಲ್ದಾಣದ ಮೇಲಿನ ಜಾಗವನ್ನು ಮಾರಿಕೊಂಡಿತು, 1963ರಲ್ಲಿ ಹಜಾರವನ್ನು ಕೆಡವಲು ತೊಡಗಿದರು. ನ್ಯೂಯಾರ್ಕಿನ ನಕಲು ನಡೆದದ್ದು 53 ವರ್ಷ. ರೋಮಿನ ಅಸಲು, ಕಾಸಿನ ಆದಾಯವಿಲ್ಲದೆ, 321 ವರ್ಷ ನೀರು ಕಾಯಿಸಿತ್ತು.